ಕಂದು ಹಾಕುವ ರೋಗ: ಕಾವಲು ಕೋಶದೊಳಗೇ ಬೀಡುಬಿಡುವ ಬ್ರುಸೆಲ್ಲಾ



ಗಬ್ಬದ ಹಸು ಆರೇಳು ತಿಂಗಳಿಗೆ ಕಂದು ಹಾಕಿದರೆ ಮಲೆನಾಡಿನಲ್ಲಿ ಹೇಳುವ ಕಾರಣಗಳು ಹಲವು: ಜಾರಿ ಬಿದ್ದಿತು, ದೃಷ್ಟಿ ತಗುಲಿತು, ಯಾವುದೋ ಸೊಪ್ಪು ತಿಂದಿತು. ಕೆಲವು ನಿಜವೂ ಇರಬಹುದು. ಆದರೆ ಒಂದೇ ಕೊಟ್ಟಿಗೆಯಲ್ಲಿ ಒಂದರ ಹಿಂದೊಂದು ಹಸು ಕಂದು ಹಾಕತೊಡಗಿದಾಗ ಮೊದಲು ಸಂಶಯಿಸಬೇಕಾದುದು ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು.

1887ರಲ್ಲಿ ಮಾಲ್ಟಾ ದ್ವೀಪದಲ್ಲಿ, ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಡೇವಿಡ್ ಬ್ರೂಸ್ ಇದನ್ನು ಬೇರ್ಪಡಿಸಿದರು. ನೋಡಲು ಆರೋಗ್ಯವಾಗಿಯೇ ಇದ್ದ ಮೇಕೆಗಳು ಇದರ ಮೂಲವೆಂದು 1905ರಲ್ಲಿ ಅಲ್ಲಿನ ವೈದ್ಯ ಥೆಮಿಸ್ಟೋಕ್ಲಿಸ್ ಜಮ್ಮಿಟ್ ತೋರಿಸಿದರು. ಮರುವರ್ಷ ಸೇನೆಯಲ್ಲಿ ಮೇಕೆಹಾಲು ನಿಂತಿತು, ಜ್ವರವೂ ಇಳಿಯಿತು.

ಬಾಯಿ, ಮೂಗು, ಕಣ್ಣು, ಕೈಯ ತರಚುಗಾಯ, ಯಾವುದಾದರೂ ಇದಕ್ಕೆ ಹಾದಿಯೇ. ಒಳಹೊಕ್ಕ ರೋಗಾಣುಗಳನ್ನು ರಕ್ತ ಮತ್ತು ಅಂಗಾಂಶಗಳಲ್ಲಿರುವ ಭಕ್ಷಕ ಕೋಶಗಳು ನುಂಗಿ, ಒಂದು ಚೀಲದೊಳಗಿಟ್ಟು, ಆಮ್ಲದಿಂದಲೂ ಜೀರ್ಣರಸಗಳಿಂದಲೂ ಕೊಲ್ಲುತ್ತವೆ. ನುಂಗಲ್ಪಟ್ಟ ಬ್ರುಸೆಲ್ಲಾಗಳಲ್ಲಿಯೂ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಸಾಯುತ್ತವೆ. ಉಳಿದ ಕೆಲವಕ್ಕೆ ಆ ಆಮ್ಲವೇ ಸಂಕೇತವಾಗುತ್ತದೆ. ಪ್ರಯೋಗಾಲಯದಲ್ಲಿ ಚೀಲ ಆಮ್ಲೀಯವಾಗದಂತೆ ತಡೆದರೆ ಬ್ರುಸೆಲ್ಲಾ ಸೋಲುತ್ತದೆ! ಆಮ್ಲ ತಗುಲಿದೊಡನೆ ಅದರ 'ವಿರ್‌ಬಿ' ಎಂಬ ಕೊಳವೆಯಂತಹ ಸಾಧನ ಜಾಗೃತವಾಗುತ್ತದೆ. ಅದರ ಮೂಲಕ ತನ್ನ ಪ್ರೋಟೀನುಗಳನ್ನು ಕೋಶದೊಳಕ್ಕೆ ತೂರಿಸಿ, ಚೀಲವು ಪೂರ್ಣ ಜೀರ್ಣಕ್ರಿಯೆಯತ್ತ ಸಾಗದಂತೆ ಬ್ಯಾಕ್ಟೀರಿಯಾ ದಾರಿ ತಪ್ಪಿಸುತ್ತದೆ. ಚೀಲವು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ, ಕೋಶದ ಸ್ವಂತ ಪ್ರೋಟೀನು ತಯಾರಾಗುವ ಪೊರೆಜಾಲವನ್ನು ಸೇರುತ್ತದೆ. ಅಲ್ಲಿ ಆಹಾರವೂ ಉಂಟು, ಮರೆಯೂ ಉಂಟು. ಬ್ಯಾಕ್ಟೀರಿಯಾ ಅಲ್ಲಿಯೇ ಇಮ್ಮಡಿಸುತ್ತಾ ಹೋಗುತ್ತದೆ.

ಇಷ್ಟಾದರೂ ಅದು ಆತಿಥೇಯ ಕೋಶವನ್ನು ಬೇಗನೆ ಕೊಲ್ಲುವುದಿಲ್ಲ. ಸೋಂಕಿತ ಕೋಶ ತಾನಾಗಿ ಸಾಯುವುದನ್ನೂ ತಡೆಯುತ್ತದೆ. ಅದರ ಹೊರಕವಚವು ದೇಹಕ್ಕೆ ಬಲವಾದ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹೀಗೆ ಕಾವಲಿನ ಕೋಶವೇ ವಾಹನವಾಗಿ ಅದನ್ನು ಗುಲ್ಮ, ಎಲುಬಿನ ಮಜ್ಜೆ, ಕೆಚ್ಚಲು, ಗರ್ಭಕೋಶಗಳಿಗೆ ಒಯ್ಯುತ್ತದೆ. ಗಬ್ಬದ ಹಸುವಿನ ಮಾಸಿನಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯಂತಹ ವಸ್ತುವಿದೆ, ಬ್ರುಸೆಲ್ಲಾಕ್ಕೆ ಅದು ಬಲು ಪ್ರಿಯ. ಅಲ್ಲಿ ಅದು ಅಪಾರವಾಗಿ ಬೆಳೆದು ಮಾಸು ಕೊಳೆತು ಕರು ಹೊರಬೀಳುತ್ತದೆ.

ಮನುಷ್ಯರಿಗೆ ಬಂದರೆ ಏರಿಳಿಯುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು. ಟೈಫಾಯಿಡ್ ಎಂದೋ ಮಲೇರಿಯಾ ಎಂದೋ ತಿಳಿಯುವುದುಂಟು. ಕೋಶದೊಳಗೆ ಅಡಗಿದ ಶತ್ರುವನ್ನು ರಕ್ತದಲ್ಲಿನ ಪ್ರತಿಕಾಯಗಳು ಮುಟ್ಟಲಾರವು. ಆದ್ದರಿಂದಲೇ ವೈದ್ಯರು ಡಾಕ್ಸಿಸೈಕ್ಲಿನ್ ಜೊತೆಗೆ ಇನ್ನೊಂದು ಔಷಧಿಯನ್ನು ಸಾಮಾನ್ಯವಾಗಿ 6 ವಾರ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ಮಧ್ಯೆ ನಿಲ್ಲಿಸಿದರೆ ಮರುಕಳಿಸುವ ಸಂಭವ ಹೆಚ್ಚು.

ಬಿಸಿಲಿಗೆ ಬೇಗ ಸಾಯುವ ಈ ಜೀವಿ ತಂಪು, ನೆರಳು, ತೇವ ಇದ್ದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಮಲೆನಾಡಿನ ಕೊಟ್ಟಿಗೆಯಲ್ಲಿ ಈ ಮೂರೂ ಇವೆ. ಬಿದ್ದ ಕಂದನ್ನೂ ಮಾಸನ್ನೂ ಹಳ್ಳಕ್ಕೆ ಎಸೆಯದೆ, ನಾಯಿಗೆ ಸಿಗದಂತೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಬರಿಗೈಯಲ್ಲಿ ಮುಟ್ಟಬಾರದು, ಈ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುವುದರಿಂದ ಮನೆಯ ಗಂಡಸರು ಇದನ್ನು ಕೇಳಿಸಿಕೊಳ್ಳುವುದು ಒಳಿತು. ಹಾಲನ್ನು ಕಾಯಿಸಿಯೇ ಕುಡಿಯಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆಯುಂಟು.

ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಸುಸೂತ್ರವಾಗಿ ಈಯುವುದೇ ಹೆಚ್ಚು. ರೋಗ ಹೋಯಿತೆಂದು ಮನೆಯವರು ನಂಬುತ್ತಾರೆ, ಕೆಲವರು ಜಾತ್ರೆಯಲ್ಲಿ ಮಾರಿಬಿಡುತ್ತಾರೆ. ಆದರೆ ಕೆಚ್ಚಲಿನಲ್ಲಿ ಉಳಿದ ಬ್ರುಸೆಲ್ಲಾ ಆ ಹಸುವಿನ ಹಾಲಿನೊಡನೆ ವರ್ಷಗಟ್ಟಲೆ ಹೊರಬೀಳುತ್ತಿರಬಹುದು. ಕೊಂಡವರಿಗೆ ಅದು ತಿಳಿಯುವುದು ರಕ್ತಪರೀಕ್ಷೆ ಮಾಡಿಸಿದರೆ ಮಾತ್ರ.