ಉಪವಾಸದ ದಿನ ಶುಗರ್ ಮಾತ್ರೆ ನುಂಗಬೇಕೆ?

(ಶ್ರಾವಣಕ್ಕೆ ಮುಂಚೆ ನಮ್ಮ ಆಸ್ಪತ್ರೆಯ ಸಭಾಂಗಣದಲ್ಲಿ ನಡೆದ ಆರೋಗ್ಯ ಮಾತುಕತೆಯಲ್ಲಿ ಶುಶ್ರೂಷಾ ಶಿಕ್ಷಕಿಯವರು ಆಡಿದ ಮಾತುಗಳ ಬರಹ ರೂಪ.)

  ಸಲಾಯಿನ್ ಹಚ್ಚಿಕೊಂಡೇ ಬಂದವರು ದಯವಿಟ್ಟು ಗೋಡೆಯ ಕಡೆ ಕುಳಿತುಕೊಳ್ಳಿ. ಹಿಂದೆ ಕುಳಿತರೂ ನನ್ನ ದನಿ ಕೇಳುತ್ತದೆ, ಮೈಕು ಕೆಟ್ಟರೂ ಕೇಳುತ್ತದೆ.

ಔಷಧಿ ಕೊಡುವ ಕಿಟಕಿಯ ಪಕ್ಕದಲ್ಲಿ ಒಂದು ಪ್ರಶ್ನೆ ಪೆಟ್ಟಿಗೆ ಇಟ್ಟಿರುವುದನ್ನು ತಾವೆಲ್ಲ ನೋಡಿದ್ದೀರಿ. ಬರೆಯಲು ಬಾರದವರು ನನ್ನ ಹತ್ತಿರ ಹೇಳಿ ಬರೆಸುತ್ತಾರೆ. ತಿಂಗಳಿಗೊಮ್ಮೆ ಆ ಚೀಟಿಗಳನ್ನೆಲ್ಲ ನಮ್ಮ ಡಾಕ್ಟರ ಮೇಜಿನ ಮೇಲೆ ಹರಡುತ್ತೇನೆ. ಅವರು ಕೊಟ್ಟ ಉತ್ತರವನ್ನು ಬರೆದುಕೊಂಡು ಬಂದು ನಿಮ್ಮ ಮುಂದೆ ಹೇಳುತ್ತೇನೆ. ಕೂದಲು ಉದುರುವುದರಿಂದ ಹಿಮ್ಮಡಿ ನೋವಿನ ತನಕ ಎಲ್ಲ ಬಗೆಯ ಪ್ರಶ್ನೆಗಳೂ ಇರುತ್ತವೆ. ಆದರೆ ಶ್ರಾವಣ ಹತ್ತಿರ ಬಂದಂತೆ ಒಂದೇ ಪ್ರಶ್ನೆ ಹತ್ತಾರು ಚೀಟಿಗಳಲ್ಲಿ ಬರುತ್ತದೆ. "ನನಗ ಶುಗರ್ ಐತಿ. ಸೋಮವಾರ ಉಪವಾಸ ಮಾಡತೀನಿ. ಅವತ್ತು ಮಾತ್ರೆ ತಗೋಬೇಕೋ ಬ್ಯಾಡೋ?" ಇವತ್ತು ಉಳಿದ ಚೀಟಿಗಳನ್ನು ಬದಿಗಿಟ್ಟು ಇದೊಂದನ್ನೇ ಹಿಡಿದಿದ್ದೇನೆ.

ಮೊದಲು ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರ ಮಾತು. ಹಳ್ಳಿಯಿಂದ ಒಬ್ಬ ಅಜ್ಜ ಬರುತ್ತಿದ್ದರು, ಎಪ್ಪತ್ತು ದಾಟಿದ್ದರು. ಶುಗರ್ ಮಾತ್ರೆಯನ್ನು ಎರಡು ದಿನ ನುಂಗುವುದು, ನಾಲ್ಕು ದಿನ ಬಿಡುವುದು ಮಾಡುತ್ತಿದ್ದರು. ನಾನು ಕೈ ಹಿಡಿದುಕೊಂಡು, "ಅಜ್ಜಾ, ಬೆಳಗಿನ ಮಾತ್ರೆ ಒಂದು ದಿನವೂ ತಪ್ಪಿಸಬಾರದು, ಏನೇ ಆಗಲಿ ನುಂಗಬೇಕು" ಎಂದು ಹೇಳಿ ಕಳಿಸಿದೆ. ಅಜ್ಜ ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ಶಿವರಾತ್ರಿ ಬಂತು. ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿದರು. ಹಗಲೆಲ್ಲ ಏನೂ ತಿನ್ನಲಿಲ್ಲ. ರಾತ್ರಿ ಭಜನೆಗೆ ಕುಳಿತರು. ನಡುರಾತ್ರಿಯ ಹೊತ್ತಿಗೆ ಮೈಯೆಲ್ಲ ಬೆವರಿ, ಮಾತು ತೊದಲತೊಡಗಿತು. ಒಬ್ಬರು ಭಜನೆಯಲ್ಲಿ ಮೈಮರೆತಿದ್ದಾರೆ ಎಂದರು, ಇನ್ನೊಬ್ಬರು ಲಕ್ವಾ ಹೊಡೆದಿದೆ ಎಂದರು. ಬೆಳಕು ಹರಿಯುವ ಹೊತ್ತಿಗೆ ಟೆಂಪೋದಲ್ಲಿ ಮಲಗಿಸಿಕೊಂಡು ತಂದರು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 31. ನರಕ್ಕೆ ಗ್ಲುಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಟ್ಟರು. ನನ್ನನ್ನು ಗುರುತು ಹಿಡಿದು ಅಂದ ಮೊದಲ ಮಾತು: "ನೀ ಹೇಳಿದ್ದೆಲ್ಲಾ ಯವ್ವಾ, ಒಂದ ದಿನಾನೂ ಬಿಡಬ್ಯಾಡ ಅಂತ. ಬಿಟ್ಟಿಲ್ಲ ನೋಡು."

ಅವರು ದೂರು ಹೇಳಲಿಲ್ಲ. ಮಾತು ಪಾಲಿಸಿದ್ದೇನೆ ಎಂದು ಒಪ್ಪಿಸುತ್ತಿದ್ದರು. ಅವತ್ತಿನಿಂದ ನಾನು ಯಾರಿಗೂ "ತಪ್ಪದೆ ನುಂಗಿ" ಎಂದಷ್ಟೇ ಹೇಳಿ ಕಳಿಸುವುದಿಲ್ಲ. "ಊಟದ ಜೊತೆ ಮಾತ್ರೆ, ಊಟ ಬಿಡುವ ದಿನ ಮಾತ್ರೆಯ ಲೆಕ್ಕ ಬೇರೆ, ಆ ಲೆಕ್ಕ ಮೊದಲೇ ಡಾಕ್ಟರನ್ನು ಕೇಳಿ" ಎನ್ನುತ್ತೇನೆ. ಮಾತು ಉದ್ದವಾಯಿತು ಎಂದು ಕೆಲವರು ಬೇಸರಪಡುತ್ತಾರೆ. ಆಗಲಿ.

ಹೀಗೇಕೆ ಆಗುತ್ತದೆ? ನಮ್ಮ ಡಾಕ್ಟರು ಸುಲಭವಾಗಿ ಹೇಳುತ್ತಾರೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಎಂಬ ಮಾತ್ರೆಗಳು ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿರಲಿ, ಉಣ್ಣದಿರಲಿ ಹೊರಡಿಸುತ್ತವೆ. ಇವತ್ತು ಸೋಮವಾರ ಎಂಬುದು ಮಾತ್ರೆಗೆ ತಿಳಿಯುವುದಿಲ್ಲ. ಸೂಜಿಯಿಂದ ತೆಗೆದುಕೊಳ್ಳುವ ಇನ್ಸುಲಿನ್ನಿನದೂ ಇದೇ ಕಥೆ. ಊಟದಿಂದ ಸಕ್ಕರೆ ಬಾರದಿದ್ದರೆ ರಕ್ತದಲ್ಲಿ ಇದ್ದದ್ದೂ ಇಳಿಯುತ್ತದೆ. 70 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಎಚ್ಚರಿಕೆ, 54ಕ್ಕಿಂತ ಕೆಳಗೆ ಅಪಾಯ. ಮಿದುಳಿಗೆ ತನ್ನದೇ ಆದ ಸಕ್ಕರೆಯ ಕೂಡಿಡುವ ಡಬ್ಬಿ ಇಲ್ಲ, ರಕ್ತ ತಂದುಕೊಟ್ಟದ್ದೇ ಅದಕ್ಕೆ ಗತಿ. ಆದ್ದರಿಂದ ಮೊದಲು ಕೆಡುವುದು ಮಾತು, ಬುದ್ಧಿ, ಎಚ್ಚರ.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹೀಗೆ ಇಳಿಯುವುದು ಅಪರೂಪ. ಆದರೆ ಈಗಿನ ಎಷ್ಟೋ ಮಾತ್ರೆಗಳಲ್ಲಿ ಎರಡು ಮೂರು ಔಷಧಿಗಳು ಸೇರಿರುತ್ತವೆ. "ನನ್ನದು ಒಂದೇ ಮಾತ್ರೆ, ಬಿಳಿ ಬಣ್ಣದ್ದು" ಎಂದರೆ ನಮಗೆ ಏನೂ ತಿಳಿಯುವುದಿಲ್ಲ. ಮಾತ್ರೆಯ ಹಾಳೆಯನ್ನೇ ತನ್ನಿ. ಇನ್ನು ಡಾಪಾಗ್ಲಿಫ್ಲೋಜಿನ್‌ನಂಥ ಹೊಸ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ, ಜೊತೆಗೆ ನೀರೂ ಹೋಗುತ್ತದೆ. ನೀರನ್ನೂ ಕುಡಿಯದೆ ಉಪವಾಸ ಮಾಡುವವರು ಇದನ್ನು ನುಂಗಿ ಕುಳಿತರೆ ಬೇರೆಯದೇ ತೊಂದರೆ ಬರುತ್ತದೆ. ಹಿರಿಯ ವಯಸ್ಸಿನವರು, ಕಿಡ್ನಿ ಸೊರಗಿದವರು ಇವರಿಗೆಲ್ಲ ಮಾತ್ರೆಯ ಅಂಶ ಮೈಯಿಂದ ಬೇಗ ಹೊರಹೋಗುವುದಿಲ್ಲವಾದ್ದರಿಂದ ಭಯ ಹೆಚ್ಚು.

ಉಪವಾಸ ಇಲ್ಲದ ದಿನವೂ ನಮ್ಮ ಮನೆಗಳಲ್ಲಿ ಇದೇ ತೊಂದರೆ ಬರುವ ಒಂದು ಹೊತ್ತಿದೆ. ಅದನ್ನು ಬಹಳ ಜನ ಗಮನಿಸಿಲ್ಲ. ಇಷ್ಟಲಿಂಗ ಪೂಜೆ ಆಗದೆ ಎಷ್ಟೋ ಹಿರಿಯರು ಬಾಯಿಗೆ ಏನೂ ಹಾಕುವುದಿಲ್ಲ. ಬೆಳಿಗ್ಗೆ ಸೊಸೆ ನೆನಪಿಟ್ಟುಕೊಂಡು ಇನ್ಸುಲಿನ್ ಚುಚ್ಚುತ್ತಾಳೆ. ಆಮೇಲೆ ಅತ್ತೆ ಸ್ನಾನಕ್ಕೆ ಹೋಗುತ್ತಾರೆ, ನೀರು ಕಾಯಬೇಕು, ಹೂ ಪತ್ರಿ ತರಬೇಕು, ಪೂಜೆಗೆ ಮುಕ್ಕಾಲು ಗಂಟೆ. ರೊಟ್ಟಿಯ ತಟ್ಟೆ ಮುಂದೆ ಬರುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿರುತ್ತದೆ. ಪೂಜೆಯಲ್ಲೇ ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಇದಕ್ಕೆ ಪರಿಹಾರ ಬಹಳ ಸರಳ: ಸ್ನಾನ, ಪೂಜೆ ಎಲ್ಲ ಮುಗಿಯಲಿ, ಒಲೆಯ ಮೇಲೆ ರೊಟ್ಟಿ ಬೀಳಲಿ, ಆಗ ಸೂಜಿ. ಊಟಕ್ಕೆ ಎಷ್ಟು ನಿಮಿಷ ಮುಂಚೆ ಎಂಬುದು ಇನ್ಸುಲಿನ್ನಿನ ಬಗೆಯ ಮೇಲೆ ಹೋಗುತ್ತದೆ, ನಿಮ್ಮದು ಯಾವುದು ಎಂದು ತೋರಿಸಿದರೆ ಹೇಳುತ್ತೇವೆ.

ಒಬ್ಬ ತಾಯಿ ಚೀಟಿಯಲ್ಲಿ ಬರೆಸಿದ್ದಾರೆ: "ಪೂಜೆಯ ನಡುವೆ ತಲೆ ಸುತ್ತಿದರೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ದೋಷವೆ?" ಇದು ಡಾಕ್ಟರಿಗೆ ಕೇಳುವ ಪ್ರಶ್ನೆಯಲ್ಲ ಎಂದು ನಾನು ಪೂಜ್ಯರನ್ನೇ ಕೇಳಿದೆ. ಅವರು ನಕ್ಕು, ವಿಭೂತಿಯ ಪಕ್ಕದಲ್ಲೇ ಒಂದು ಸಕ್ಕರೆ ಡಬ್ಬಿ ಇಟ್ಟುಕೊಳ್ಳಲು ಹೇಳಿ ಎಂದರು. ಹಾಗೇ ಹೇಳುತ್ತಿದ್ದೇನೆ.

ಈಗ ಚೀಟಿಯ ಪ್ರಶ್ನೆಗೆ ಬರೋಣ. ನುಂಗಬೇಕೋ ಬೇಡವೋ? ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಇದ್ದಿದ್ದರೆ ಗೋಡೆಗೆ ಬರೆಸಿಬಿಡುತ್ತಿದ್ದೆವು. ಒಪ್ಪತ್ತು ಉಣ್ಣುವವರಿಗೆ ಡಾಕ್ಟರು ಮಾತ್ರೆಯನ್ನು ಆ ಒಂದು ಊಟದ ಹೊತ್ತಿಗೆ ಸರಿಸಬಹುದು, ಪ್ರಮಾಣ ಇಳಿಸಬಹುದು. ಇಡೀ ದಿನ ಏನೂ ತಿನ್ನದವರಿಗೆ ಕೆಲವು ಮಾತ್ರೆಗಳನ್ನು ಅವತ್ತಿಗೆ ನಿಲ್ಲಿಸಬಹುದು. ಇನ್ಸುಲಿನ್ ಮೇಲಿರುವವರು, ಬಸುರಿಯರು, ಕಿಡ್ನಿ ತೊಂದರೆಯವರು, ಈ ಹಿಂದೆ ಸಕ್ಕರೆ ಇಳಿದು ಎಚ್ಚರ ತಪ್ಪಿದವರು ಪೂರ್ತಿ ಉಪವಾಸ ಮಾಡದಿರುವುದೇ ಒಳ್ಳೆಯದು ಎಂದು ನಮ್ಮ ಡಾಕ್ಟರು ಹೇಳುತ್ತಾರೆ. ಏನೇ ಇರಲಿ, ಒಂದು ವಾರ ಮೊದಲು ಬನ್ನಿ. ಉಪವಾಸದ ವಿಷಯ ಹೇಳಿದರೆ ಡಾಕ್ಟರು ಬೈಯುತ್ತಾರೆ ಎಂದು ಮುಚ್ಚಿಡುವವರೇ ಹೆಚ್ಚು. ಬೈದರೂ ಹೇಳಿ. ನನ್ನ ಅಭಿಪ್ರಾಯ ಕೇಳಿದರೆ, ಬರೀ "ಉಪವಾಸ ಮಾಡಬೇಡಿ" ಎಂದು ಹೇಳಿ ಕಳಿಸುವುದರಿಂದ ಉಪವಾಸ ನಿಲ್ಲುವುದಿಲ್ಲ, ಹೇಳುವುದು ಮಾತ್ರ ನಿಲ್ಲುತ್ತದೆ.

ಮನೆಯವರು ಗುರುತು ತಿಳಿದುಕೊಳ್ಳಬೇಕು. ತಣ್ಣನೆ ಬೆವರು, ಕೈ ನಡುಕ, ಎದೆ ಡವಡವ, ತಡೆಯಲಾರದ ಹಸಿವು. ಆಮೇಲೆ ಸುಮ್ಮಸುಮ್ಮನೆ ಸಿಟ್ಟು, ಸಂಬಂಧವಿಲ್ಲದ ಮಾತು, ಕುಡಿದವರಂತೆ ತೂರಾಟ. ರಾತ್ರಿಯಾದರೆ ಕೆಟ್ಟ ಕನಸು, ಬೆಳಿಗ್ಗೆ ದಿಂಬು ಒದ್ದೆ, ತಲೆನೋವು. ಬಿ.ಪಿ.ಗೆ, ಹೃದಯಕ್ಕೆ ಎಂದು ಕೊಡುವ ಕೆಲವು ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ಮರೆಮಾಡುತ್ತವೆ, ಬೆವರನ್ನು ಮರೆಮಾಡುವುದಿಲ್ಲ. ಆದ್ದರಿಂದ ಬೆವರನ್ನು ನಂಬಿ. ಯಂತ್ರ ಇದ್ದರೆ ಬೆರಳು ಚುಚ್ಚಿ ನೋಡಿ. ಇಲ್ಲದಿದ್ದರೆ ಅನುಮಾನ ಬಂದ ಕೂಡಲೇ ಸಕ್ಕರೆ ಕೊಡಿ. ಸಕ್ಕರೆ ಏರಿದ್ದವರಿಗೆ ಮೂರು ಚಮಚ ಹೆಚ್ಚಾಗಿ ಹೋದರೆ ಅಂಥ ಹಾನಿ ಆಗುವುದಿಲ್ಲ, ಇಳಿದವರಿಗೆ ಕೊಡದಿದ್ದರೆ ಜೀವಕ್ಕೇ ಬರುತ್ತದೆ.

ಎಷ್ಟು ಕೊಡಬೇಕು? ಚಹಾ ಚಮಚದಲ್ಲಿ ಮೂರು ಚಮಚ ಸಕ್ಕರೆ, ಅರ್ಧ ಲೋಟ ನೀರಿನಲ್ಲಿ ಕದಡಿ. 15 ನಿಮಿಷ ಕಾದು ನೋಡಿ. ಸುಧಾರಿಸದಿದ್ದರೆ ಮತ್ತೆ ಅಷ್ಟೇ ಕೊಡಿ. ಸುಧಾರಿಸಿದ ಮೇಲೆ ಒಂದು ರೊಟ್ಟಿಯನ್ನೋ ಅನ್ನವನ್ನೋ ಕೊಡಿ. ಪೇಡೆ, ಚಾಕೊಲೇಟು ಬೇಡ. ಅದರಲ್ಲಿನ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ಹತ್ತುವುದಿಲ್ಲ, ಅವರು ಅಂಗಡಿಯ ಗ್ಲುಕೋಸ್ ಪುಡಿಯನ್ನೇ ಇಟ್ಟುಕೊಂಡಿರಬೇಕು.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಪ್ರೀತಿಯಿಂದಲೇ ಬಾಯಿ ತೆರೆದು ಸಕ್ಕರೆ ನೀರು ಸುರಿಯುತ್ತಾರೆ, ಅದು ಶ್ವಾಸನಾಳಕ್ಕೆ ಇಳಿದು ಇನ್ನೊಂದು ಕಾಯಿಲೆ ಆಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಮಾತ್ರೆಯ ಹಾಳೆಯನ್ನು ಜೇಬಿಗೆ ಹಾಕಿಕೊಂಡು ಬನ್ನಿ.

ಇಲ್ಲಿಗೆ ಬಂದ ಮೇಲೆ ಮನೆಯವರಿಗೂ ನಮಗೂ ಜಗಳ ಆಗುವ ಜಾಗ ಒಂದಿದೆ. ಗ್ಲುಕೋಸ್ ಹೋದ ಕೂಡಲೇ ರೋಗಿ ಎದ್ದು ಕೂರುತ್ತಾರೆ, ಚಹಾ ಕೇಳುತ್ತಾರೆ. "ಆರಾಮ ಆಗ್ಯಾರಲ್ಲಾ ಸಿಸ್ಟರ್, ಯಾಕ ಇಟಗೋತೀರಿ? ಬಿಲ್ ಹೆಚ್ಚ ಮಾಡಾಕೇನು?" ಎನ್ನುತ್ತಾರೆ. ಆ ಅಜ್ಜನ ಮಗನೂ ಅಂದ. ಒತ್ತಾಯಕ್ಕೆ ಬಿಟ್ಟಿದ್ದರೆ ಏನಾಗುತ್ತಿತ್ತೋ, ಮಧ್ಯಾಹ್ನದ ಹೊತ್ತಿಗೆ ಅಜ್ಜ ಮತ್ತೆ ಮಂಪರಿಗೆ ಜಾರಿದರು, ಸಕ್ಕರೆ ಮತ್ತೆ 48. ಕೊಟ್ಟ ಗ್ಲುಕೋಸ್ ಒಂದೆರಡು ಗಂಟೆಯಲ್ಲಿ ಮುಗಿದುಹೋಗುತ್ತದೆ, ನುಂಗಿದ ಮಾತ್ರೆ ಒಂದು ದಿನ, ಕಿಡ್ನಿ ಸೊರಗಿದ್ದರೆ ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ. ಅಜ್ಜನನ್ನು ಎರಡು ದಿನ ಇಟ್ಟುಕೊಂಡೆವು. ಹೋಗುವಾಗ ಡಾಕ್ಟರು ಮಾತ್ರೆಯನ್ನೇ ಬದಲಿಸಿ ಕೊಟ್ಟರು.

ಚಿಕ್ಕ ಮಕ್ಕಳಿಗೆ, ಹರೆಯದವರಿಗೆ ಬರುವ ಸಕ್ಕರೆ ಕಾಯಿಲೆಯ ಲೆಕ್ಕವೇ ಬೇರೆ. ಅವರ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮೊದಲು ಅಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಎಂದರೆ ಊಟ ಕಡಿಮೆ ಮಾಡುತ್ತ ಹೋಗುವುದು, ಮಕ್ಕಳು ಎಲುಬಿನ ಹಂದರವಾಗಿ ತೀರಿಹೋಗುತ್ತಿದ್ದರು. ಆದ್ದರಿಂದ "ಇವತ್ತು ಮಗು ಉಂಡಿಲ್ಲ, ಸೂಜಿ ಬೇಡ" ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಪೂರ್ತಿ ನಿಲ್ಲಿಸಿದರೆ ರಕ್ತ ಆಮ್ಲವಾಗಿ ಜೀವಕ್ಕೆ ಅಪಾಯ. ಎಷ್ಟು ಕಡಿಮೆ ಮಾಡಬೇಕೆಂದು ಫೋನ್ ಮಾಡಿಯಾದರೂ ಡಾಕ್ಟರನ್ನು ಕೇಳಿ.

ಸೂಜಿಯ ಮಾತು ಬಂದಾಗ ಇನ್ನೊಂದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ 40ರದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿಗೆ ಹಾಕುವುದು 100ರದು. ಪೆನ್ನು ಕೆಟ್ಟಿತೆಂದು ಅದರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದುಕೊಂಡರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇರಬೇಕು.

ಉಪವಾಸದ ಫಲಾಹಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೇ ಗೊತ್ತು. ಹಗಲೆಲ್ಲ ಹಸಿದು, ಸಂಜೆ ಸಾಬುದಾನಿ ಖಿಚಡಿ, ಮೂರು ಬಾಳೆಹಣ್ಣು, ಮೇಲೆ ಖರ್ಜೂರ ತಿಂದರೆ ಬೆಳಿಗ್ಗೆ ಇಳಿದಿದ್ದ ಸಕ್ಕರೆ ರಾತ್ರಿ ಮುನ್ನೂರು ದಾಟುತ್ತದೆ. ಒಂದು ಹಿಡಿ ಶೇಂಗಾ, ಒಂದು ಲೋಟ ಮಜ್ಜಿಗೆ, ಒಂದೇ ಹಣ್ಣು. ಇಷ್ಟು ಸಾಕು.

ಹೊರಗೆ ಮೇಜು ಹಾಕಿಕೊಂಡು ಕೂರುತ್ತೇನೆ. ನಿಮ್ಮ ಮಾತ್ರೆಯ ಹಾಳೆ ತೋರಿಸಿದರೆ, ಉಣ್ಣದೆ ನುಂಗಬಾರದ ಮಾತ್ರೆಗೆ ಕೆಂಪು ಪೆನ್ನಿನಿಂದ ಗುರುತು ಹಾಕಿ ಕೊಡುತ್ತೇನೆ. ಕನ್ನಡಕ ಮರೆತು ಬಂದ ಅಜ್ಜ ಅಜ್ಜಿಯರಿಗೆ ಅದು ಅನುಕೂಲ. ಆದರೆ ಈಗ ದಾಸೋಹದ ಹೊತ್ತಾಗಿದೆ. ಬೆಳಿಗ್ಗೆ ಮಾತ್ರೆ ನುಂಗಿ ಬಂದವರು ನನ್ನ ಮೇಜಿನ ಮುಂದೆ ಸಾಲು ನಿಲ್ಲಬೇಡಿ, ಮೊದಲು ಪ್ರಸಾದಕ್ಕೆ ಹೋಗಿ. ನಾನು ಮೂರು ಗಂಟೆಯ ತನಕ ಇಲ್ಲೇ ಇರುತ್ತೇನೆ.