ಹಳೇ ಕ್ಯಾಬಿನೆಟ್‌ಗೆ ಹೊಸ ರೂಪ: ಬೆಳಕು ಕೊನೆಗೆ ಹಾಕಿ

ಹೈದರಾಬಾದಿಗೆ ಬಂದ ನಮ್ಮಂಥ ಐಟಿ ಮಂದಿಗೆ ಭಾನುವಾರದ ಅಬಿಡ್ಸ್ ಅಂದ್ರೆ ಫುಟ್‌ಪಾತಿನ ಹಳೇ ಪುಸ್ತಕಗಳು. ಆರನೇ ನಿಜಾಮರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿಡ್ ಇಲ್ಲಿ ಅಂಗಡಿ ಇಟ್ಟಿದ್ದರಿಂದ ಈ ಹೆಸರು ಬಂತು. ನಾನೂ ಪುಸ್ತಕಕ್ಕೇ ಹೋಗ್ತಿದ್ದವನು. ಆದರೆ ಕಳೆದ ವರ್ಷ ನನ್ನ ಚೀಲದಲ್ಲಿ ಇದ್ದದ್ದು ಸ್ಪ್ರೇ ಪೇಂಟ್ ಡಬ್ಬಿ, ಪಕ್ಕದ ಕೋಠಿಯ ಗುಜರಾತಿ ಗಲ್ಲಿಯಲ್ಲಿ ತಗೊಂಡ ಎಲ್‌ಇಡಿ ಸ್ಟ್ರಿಪ್, ಒಂದು 7 ಇಂಚಿನ ಸ್ಕ್ರೀನ್.

ಯಾಕಂದ್ರೆ ಮನೇಲಿ ಒಂದು ಹಳೇ ಕ್ಯಾಬಿನೆಟ್ ಇತ್ತು. ನಾನು ಎಂಟೆಕ್ ಓದುವಾಗ ಅಪ್ಪ ರಾಯಚೂರಿಂದ ದುಡ್ಡು ಕಳಿಸಿ ಕೊಡಿಸಿದ್ದು. ಹೊಸ ಗಾಜಿನ ಕೇಸ್ ಕೊಳ್ಳೋಕೆ ಈಗ ಸಂಬಳ ಸಾಕು, ಆದರೆ ಇದನ್ನ ಗುಜರಿಗೆ ಹಾಕೋಕೆ ಮನಸ್ಸಾಗಲಿಲ್ಲ.

ಮೊದಲ ತಪ್ಪು ಏನಪ್ಪಾ ಅಂದ್ರೆ, ಲೈಟಿನಿಂದ ಶುರು ಮಾಡಿದ್ದು. ಮದರ್‌ಬೋರ್ಡಿನಲ್ಲಿ ಎರಡು ಥರದ ಹೆಡರ್ ಇರ್ತವೆ. ಸಾದಾ ಆರ್‌ಜಿಬಿಗೆ 4 ಪಿನ್, 12 ವೋಲ್ಟ್. ಪ್ರತಿ ದೀಪಕ್ಕೂ ಬೇರೆ ಬಣ್ಣ ಕೊಡೋ ಎಆರ್‌ಜಿಬಿಗೆ 3 ಪಿನ್, 5 ವೋಲ್ಟ್. ನನ್ನ ಸ್ಟ್ರಿಪ್ 5 ವೋಲ್ಟಿಂದು. ಕನೆಕ್ಟರ್ ಇರಲಿಲ್ಲ, ಬಿಡಿ ವೈರು. ಅವಸರದಲ್ಲಿ 12 ವೋಲ್ಟಿಗೆ ಸಿಕ್ಕಿಸಿದೆ. ಒಂದು ಮಿಂಚು, ಸುಟ್ಟ ವಾಸನೆ. ಬೋರ್ಡ್ ಉಳೀತು, ಸ್ಟ್ರಿಪ್ ಹೋಯ್ತು. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಎಂಟೆಕ್‌ನಲ್ಲಿ ಇದನ್ನೇ ಕಲಿಸಿದ್ರಾ?" ಅಂದ್ಲು.

ಲೆಕ್ಕಾನೂ ಹಾಕಿ. ಡಬ್ಲ್ಯುಎಸ್2812ಬಿ ಥರದ ಎಲ್‌ಇಡಿ ಪೂರ್ತಿ ಬಿಳಿ ಬೆಳಗಿದಾಗ ಸುಮಾರು 60 ಮಿಲಿಆಂಪ್ ಎಳೀತದೆ. 60 ದೀಪ ಅಂದ್ರೆ 3.6 ಆಂಪ್. ಎಷ್ಟೋ ಬೋರ್ಡುಗಳ ಹೆಡರ್ ಮಿತಿ 3 ಆಂಪ್. ಜಾಸ್ತಿ ದೀಪ ಬೇಕಿದ್ರೆ ಪವರ್ ಸಪ್ಲೈಯಿಂದ ನೇರ ಕರೆಂಟ್ ತಗೊಳ್ಳೋ ಕಂಟ್ರೋಲರ್ ಹಾಕಿ.

ಆಮೇಲೆ ಬಣ್ಣ. ಎಲ್ಲಾ ಬಿಚ್ಚಿ, ಸ್ಯಾಂಡ್ ಪೇಪರ್ ಉಜ್ಜಿ, ಪ್ರೈಮರ್ ಹೊಡೆದು, ತೆಳುವಾಗಿ ಮೂರು ಕೋಟ್. ಮಳೆಗಾಲದಲ್ಲಿ ಬೇಡ, ತೇವಕ್ಕೆ ಬಣ್ಣ ಬಿಳಿಚಿಕೊಳ್ತದೆ. ಮದರ್‌ಬೋರ್ಡ್ ಕೂರೋ ಸ್ಕ್ರೂ ಜಾಗಕ್ಕೆ ಟೇಪ್ ಅಂಟಿಸಿ, ಅಲ್ಲಿ ಲೋಹಕ್ಕೆ ಲೋಹ ತಾಗಿದ್ರೇ ಅರ್ಥಿಂಗ್.

ಸ್ಕ್ರೀನನ್ನ ಚೆಂದ ಕಾಣಲಿ ಅಂತ ಮುಂದಿನ ಜಾಲರಿ ಕತ್ತರಿಸಿ ಕೂರಿಸಿದೆ. ಅಲ್ಲೇ ಫ್ಯಾನ್ ಗಾಳಿ ಎಳೆಯೋ ಜಾಗ! ಮೇ ತಿಂಗಳ ಹೈದರಾಬಾದ್ ಬಿಸಿಲಿಗೆ ಗೇಮ್ ತಡವರಿಸೋಕೆ ಶುರುವಾಯ್ತು. ಮತ್ತೆ ಬಿಚ್ಚಿ ಸ್ಕ್ರೀನನ್ನ ಪಕ್ಕದ ಪ್ಯಾನಲ್‌ಗೆ ಹಾಕಿದೆ.

ಅದರಲ್ಲಿ ಸಿಪಿಯು ಬಿಸಿ, ರಾಯಚೂರಿನ ಬಿಸಿಲು, ಎರಡನ್ನೂ ಕನ್ನಡದಲ್ಲೇ ತೋರಿಸೋ ಆಸೆ. ಪೈಥಾನ್‌ನ ಪಿಲ್ಲೋ ಲೈಬ್ರರಿಯಲ್ಲಿ ಬರೆದೆ. ಒತ್ತಕ್ಷರ ಎಲ್ಲಾ ಒಡೆದು ಬಂತು, "ಅಪ್ಪ"ನ ಕೆಳಗಿನ ಒತ್ತೇ ಇಲ್ಲ. ಬೇಸಿಕ್ ಲೇಔಟ್ ಬಿಟ್ಟು ರಾಕ್ಮ್ ಲೇಔಟ್ ಹಾಕಿದ ಮೇಲೆ ಅಕ್ಷರ ಸರಿಯಾಗಿ ಕೂತವು.

ವಿಡಿಯೊ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದು ಆ ಹಳೇ ಡಬ್ಬೀನೇ ಏನಪ್ಪಾ?" ಅಂದ್ರು. ಹೌದು ಅಂದೆ. ಅಮ್ಮನ್ನೂ ಕರೆದು ತೋರಿಸಿದ್ರು.

ಹಾಗಾಗಿ ನಾನು ಹೇಳೋದಿಷ್ಟೇ. ಮೊದಲು ಗಾಳಿ, ಆಮೇಲೆ ಕರೆಂಟಿನ ಲೆಕ್ಕ, ಆಮೇಲೆ ಬಣ್ಣ. ಲೈಟು ಕೊನೆಗೆ. ಎಸೆಯೋ ಮುಂಚೆ ನಿಮ್ಮ ಹಳೇ ಕ್ಯಾಬಿನೆಟ್ಟನ್ನೂ ಒಮ್ಮೆ ಬಿಚ್ಚಿ ನೋಡಿ.