ನಡೆದು ಬರುವ ಮರ

ಸ್ಲೊವೇನಿಯಾ ದೇಶದ ಹಳ್ಳಿಗಳಲ್ಲಿ ಹಿಂದೆ ಏಪ್ರಿಲ್ 23ರ ಆಸುಪಾಸಿಗೆ, ಸಂತ ಜಾರ್ಜರ ಹಬ್ಬದಂದು, ಬೀದಿಯಲ್ಲಿ ಒಂದು ಮರ ನಡೆದುಕೊಂಡು ಬರುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಒಳಗೊಬ್ಬ ಹುಡುಗ! ಅಡಿಯಿಂದ ಮುಡಿಯವರೆಗೆ ಎಳೆ ಹಸಿರಿನ ಬರ್ಚ್ ರೆಂಬೆಗಳನ್ನು ಕಟ್ಟಿಕೊಂಡ ಅವನೇ ಹಸಿರು ಜಾರ್ಜ್. ಮೆರವಣಿಗೆ ನದಿಗೆ ಬಂದಾಗ ಅವನು ಯಾರಿಗೂ ಕಾಣದಂತೆ ರೆಂಬೆಗಳೊಳಗಿಂದ ನುಸುಳಿಕೊಂಡು, ತನ್ನ ಬದಲು ಒಂದು ಬೊಂಬೆಯನ್ನು ನಿಲ್ಲಿಸಬೇಕಿತ್ತು. ಅದನ್ನೇ ನೀರಿಗೆ ಎಸೆಯುತ್ತಿದ್ದರು. ಕೆಲವು ಕಡೆ ಹುಡುಗನನ್ನೇ ಮುಳುಗಿಸಿ ಎತ್ತುತ್ತಿದ್ದರು, ಮಳೆ ಚೆನ್ನಾಗಿ ಬರಲಿ ಅಂತ. ಏಪ್ರಿಲ್ ತಿಂಗಳ ಆ ನೀರು ಎಷ್ಟು ತಣ್ಣಗಿರುತ್ತದೋ, ಪಾಪ!

ಈ ಜಾರ್ಜನ ಹಿಂದೆ ಯಾರಿಲೋ ಎಂಬ ಇನ್ನೂ ಹಳೆಯ ವಸಂತದೇವತೆ ಅಡಗಿದ್ದಾನೆ ಎಂದು ಕ್ರೊಯೇಷಿಯಾದ ವಿದ್ವಾಂಸ ರಾಡೊಸ್ಲಾವ್ ಕಾಟಿಚಿಚ್ ವಾದಿಸಿದ್ದರು.

ಅದಿರಲಿ, ಬರ್ಚ್ ಮರವೇ ಏಕೆ? ನಮ್ಮ ಹಿಮಾಲಯದ ಭೂರ್ಜವೃಕ್ಷದ ಬಂಧು ಇದು. ಹಿಂದೆ ಭೂರ್ಜದ ತೊಗಟೆಯ ಮೇಲೆ ಗ್ರಂಥ ಬರೆಯುತ್ತಿದ್ದರು. ಚಳಿಗಾಲ ಕಳೆದ ಮೇಲೆ ಬೇಗ ಚಿಗುರುವ ಮರಗಳಲ್ಲಿ ಇದೂ ಒಂದು. ಆದರೆ ಒಂದೆರಡು ದಿನ ಬಿಸಿಲು ಕಾಯಿತೆಂದು ಮೋಸಹೋಗುವ ಮರವಲ್ಲ. ಮೊಗ್ಗುಗಳು ಮೊದಲು ಸಾಕಷ್ಟು ಚಳಿ ಉಂಡಿರಬೇಕು, ಆಮೇಲೆ ಸಾಕಷ್ಟು ಬಿಸಿ ಕಾಣಬೇಕು. ಹಗಲು ಉದ್ದವಾಗುವುದೂ ಅವಕ್ಕೆ ತಿಳಿಯುತ್ತದೆ. ಸ್ಲೊವೇನಿಯಾದಲ್ಲಿ ಡಿಸೆಂಬರಿನ ಹಗಲು ಸುಮಾರು ಎಂಟೂವರೆ ಗಂಟೆ, ಏಪ್ರಿಲ್ ಕೊನೆಗೆ ಹದಿನಾಲ್ಕು.

ಎಲೆ ಬಿಡುವ ಮೊದಲೇ ಒಳಗೆ ಕೆಲಸ ಶುರುವಾಗಿರುತ್ತದೆ. ಹಿಂದಿನ ಬೇಸಿಗೆಯಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ ಕರಗುತ್ತದೆ. ಆ ಸಕ್ಕರೆಯಿಂದ ಬೇರಿನೊಳಗಿನ ದ್ರವ ಸಾಂದ್ರವಾದಾಗ ಮಣ್ಣಿನ ನೀರು ಒಳನುಗ್ಗುತ್ತದೆ. ಒಣದ್ರಾಕ್ಷಿ ನೀರಲ್ಲಿ ನೆನೆದು ಉಬ್ಬುವುದಿಲ್ಲವೇ, ಹಾಗೆ. ಆ ಒತ್ತಡಕ್ಕೆ ರಸ ಕಾಂಡದುದ್ದಕ್ಕೂ ಮೇಲೇರುತ್ತದೆ. ಬೆಲಾರೂಸ್, ಉಕ್ರೇನ್, ರಷ್ಯಾಗಳಲ್ಲಿ ಈ ಹೊತ್ತಿಗೆ ಸರಿಯಾಗಿ ಕಾಂಡಕ್ಕೆ ಸಣ್ಣ ತೂತು ಕೊರೆದು ಕೆಳಗೆ ಜಾಡಿ ಇಡುತ್ತಾರೆ. ತೊಟತೊಟನೆ ಬೀಳುವ ರಸ ನೀರಿನಂತೆ ತಿಳಿಯಾಗಿರುತ್ತದೆ, ಸಕ್ಕರೆ ನೂರಕ್ಕೆ ಒಂದು ಪಾಲಿನಷ್ಟು. ಎಳನೀರಿಗಿಂತಲೂ ಸಪ್ಪೆ.

ಈ ಸುಗ್ಗಿ ಕೆಲವೇ ವಾರ. ಎಲೆಗಳು ಬಿಚ್ಚಿಕೊಂಡು ಗಾಳಿಗೆ ಆವಿ ಬಿಡತೊಡಗಿದರೆ ನೀರನ್ನು ಅವೇ ಮೇಲಿನಿಂದ ಎಳೆದುಕೊಳ್ಳುತ್ತವೆ. ಆಗ ತೂತಿನಿಂದ ಒಂದು ಹನಿಯೂ ಹೊರಬೀಳದು. ರಸ ಹಿಡಿದವರು ಅಷ್ಟರಲ್ಲಿ ಮರದ ಬೆಣೆಯನ್ನೋ ಮೇಣವನ್ನೋ ಇಟ್ಟು ಗಾಯ ಮುಚ್ಚಿರುತ್ತಾರೆ.